ಹೆಬ್ಬೆರಳಿಗೆ ಎಟುಕುವಷ್ಟು ಚಾನೆಲ್ಲು

ಎಷ್ಟು ಚಾನೆಲ್ಲಿನ ರೇಡಿಯೊ ಕೊಳ್ಳಬೇಕು ಎಂಬ ಪ್ರಶ್ನೆಗೆ ಪೀಣ್ಯದಲ್ಲಿ ಒಂದು ಉತ್ತರವಿದೆ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇನ್ನೊಂದಿದೆ. ವೈಟ್‌ಫೀಲ್ಡಿನಲ್ಲಿ ಉತ್ತರವಿಲ್ಲ, ಚರ್ಚೆ ಮಾತ್ರ ಇದೆ. ನಾನು ವೈಟ್‌ಫೀಲ್ಡಿನವನು. ಹಾಗಾಗಿ ಈ ವಿಷಯದ ಮೇಲೆ ಎಷ್ಟು ಹೊತ್ತು ಬೇಕಾದರೂ ಮಾತಾಡಬಲ್ಲೆ.

ಇದು ಹಾಡು ಕೇಳುವ ರೇಡಿಯೊ ಅಲ್ಲ. ಕ್ರಾಲರ್ ಎಂಬ ಪುಟ್ಟ ಜೀಪನ್ನು ನಡೆಸುವ ರೇಡಿಯೊ. ಕ್ರಾಲರ್ ಎಂದರೆ ಅಸಲಿ ಜೀಪಿನ ಹತ್ತನೇ ಒಂದು ಅಳತೆಯದು. ನಾಲ್ಕೂ ಚಕ್ರಕ್ಕೆ ಎಳೆತ, ಮೆತ್ತನೆಯ ಟೈರು. ರಿಮೋಟ್ ಕಾರು ಎಂದೊಡನೆ ಜನಕ್ಕೆ ನೆನಪಾಗುವುದು ಗುಂಯ್ ಎಂದು ಓಡಿ ಸೋಫಾದ ಕಾಲಿಗೆ ಢಿಕ್ಕಿ ಹೊಡೆಯುವ ಆಟಿಕೆ. ಇದು ಓಡುವುದಿಲ್ಲ, ತೆವಳುತ್ತದೆ. ಬಂಡೆಯ ಮುಂದೆ ತಂದು ನಿಲ್ಲಿಸಿದರೆ ಒಂದು ಚಕ್ರ ಇಡುತ್ತದೆ, ಜಾರುತ್ತದೆ, ಸ್ವಲ್ಪ ಪಕ್ಕಕ್ಕೆ ಸರಿದು ಮತ್ತೆ ಇಡುತ್ತದೆ. ಆಳುದ್ದದ ಬಂಡೆ ಹತ್ತುವುದಕ್ಕೆ ಒಂದು ಕಾಫಿ ಆರಿ ತಣ್ಣಗಾಗುವಷ್ಟು ಹೊತ್ತು ಬೇಕು. ವಾರವಿಡೀ ಟಿನ್ ಫ್ಯಾಕ್ಟರಿಯಲ್ಲೋ ಸಿಲ್ಕ್ ಬೋರ್ಡಿನಲ್ಲೋ ಗೊರಗುಂಟೆಪಾಳ್ಯದಲ್ಲೋ ಟ್ರಾಫಿಕ್ಕಿನಲ್ಲಿ ಇದೇ ವೇಗದಲ್ಲಿ ಸಾಗುವ ಜನ, ಭಾನುವಾರವೂ ದುಡ್ಡು ಸುರಿದು ಇದನ್ನೇ ಮಾಡುವುದೇಕೆ ಎಂದು ನನ್ನ ಹೆಂಡತಿ ಕೇಳುತ್ತಾಳೆ. ಕಲ್ಲು ಹಾರನ್ ಹೊಡೆಯುವುದಿಲ್ಲ ಎಂದು ಹೇಳಿದ್ದೇನೆ. ಅವಳು ಒಪ್ಪಿಲ್ಲ.

ಕಲ್ಲಿಗೇನೂ ನಮ್ಮಲ್ಲಿ ಬರವಿಲ್ಲ. ಲಾಲ್‌ಬಾಗಿನ ಗುಡ್ಡದ ಕಲ್ಲು ಸುಮಾರು 300 ಕೋಟಿ ವರ್ಷ ಹಳೆಯದು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದ ಡಬ್ಲ್ಯು.ಎಫ್. ಸ್ಮೀತ್ 1916ರಲ್ಲಿ ಅದಕ್ಕೆ ಪೆನಿನ್ಸುಲರ್ ನೈಸ್ ಎಂದು ಹೆಸರಿಟ್ಟರು. ಅದೇ ಬಳಗದ ಕಲ್ಲು ಹೊಸಕೋಟೆ ಕಡೆಯ ಹಾಳುಬಿದ್ದ ಕ್ವಾರಿಯೊಂದರಲ್ಲಿ ನಮಗೆ ಸಿಕ್ಕಿದೆ. ಅಷ್ಟು ಹಳೆಯ ಬಂಡೆಯ ಎದುರು ನಿಂತು, ಮೂರು ಜನ ದೊಡ್ಡ ಗಂಡಸರು, ಇದಕ್ಕೆ ನಾಲ್ಕು ಚಾನೆಲ್ಲು ಸಾಕೋ ಆರು ಬೇಕೋ ಎಂದು ಜಗಳವಾಡುತ್ತೇವೆ.

ಲೆಕ್ಕ ಸರಳವಾಗಿದೆ. ಮೊದಲ ಚಾನೆಲ್ಲು ಸ್ಟೀರಿಂಗಿಗೆ, ಎರಡನೆಯದು ಥ್ರಾಟಲ್ಲಿಗೆ. ಇವೆರಡಿದ್ದರೆ ಗಾಡಿ ಹೋಗುತ್ತದೆ, ಬರುತ್ತದೆ, ತಿರುಗುತ್ತದೆ. ಒಬ್ಬ ಗೃಹಸ್ಥನಿಗೆ ಇಷ್ಟು ಧಾರಾಳವಾಗಿ ಸಾಕು. ಮೂರನೆಯದರಿಂದ ಆಸೆ ಶುರು. ಅದರಲ್ಲಿ ಗೇರು ಬದಲಿಸಬಹುದು, ಕಲ್ಲಿಗೆ ಲೋ, ಬಯಲಿಗೆ ಹೈ. ನಾಲ್ಕನೆಯದೂ ಐದನೆಯದೂ ಹಿಂದುಮುಂದಿನ ಡಿಫರೆನ್ಷಿಯಲ್ಲಿಗೆ. ಡಿಫರೆನ್ಷಿಯಲ್ಲಿನ ಗುಣ ಏನೆಂದರೆ, ಒಂದು ಚಕ್ರ ಗಾಳಿಯಲ್ಲಿ ತೇಲಿದರೆ ಶಕ್ತಿಯೆಲ್ಲ ಅದಕ್ಕೇ ಹೋಗಿ ಅದು ಸುಮ್ಮನೆ ಗಿರಗಿರ ತಿರುಗುತ್ತದೆ. ನೆಲ ಕಚ್ಚಿ ನಿಂತ ಚಕ್ರಕ್ಕೆ ಏನೂ ಸಿಗುವುದಿಲ್ಲ. ಆಫೀಸಿನಲ್ಲಿ ಕೆಲಸ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಲಾಕ್ ಹಾಕಿದರೆ ಎರಡೂ ಚಕ್ರ ಒಟ್ಟಿಗೆ ದುಡಿಯುತ್ತವೆ, ಆದರೆ ಗಾಡಿ ತಿರುಗುವುದಕ್ಕೆ ಹೆಚ್ಚು ಜಾಗ ಕೇಳುತ್ತದೆ. ಆದ್ದರಿಂದ ಬೇಕಾದಾಗ ಹಾಕಬೇಕು, ಬೇಡದಾಗ ಬಿಡಿಸಬೇಕು. 2017ರಲ್ಲಿ ಅಮೆರಿಕದ ಟ್ರಾಕ್ಸಸ್ ಕಂಪನಿ ಟಿಆರ್‌ಎಕ್ಸ್-4 ಎಂಬ ಗಾಡಿಯನ್ನು ತಂದು, ನಿಂತಲ್ಲಿಂದಲೇ ಗೇರು ಬದಲಿಸುವ, ಡಿಫರೆನ್ಷಿಯಲ್ ಲಾಕ್ ಮಾಡುವ ಸೌಕರ್ಯವನ್ನು ಪೆಟ್ಟಿಗೆಯಲ್ಲೇ ಕೊಟ್ಟಿತು. ಅಲ್ಲಿಗೆ ಎರಡು ಚಾನೆಲ್ಲಿನವರ ನೆಮ್ಮದಿ ಮುಗಿಯಿತು. ಇದಾದ ಮೇಲೆ ಹಗ್ಗ ಸುತ್ತಿ ಗಾಡಿಯನ್ನು ಎಳೆಯುವ ವಿಂಚು, ಅದಾದ ಮೇಲೆ ದೀಪ. ದೀಪದ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಮ್ಮ ಎಲೆಕ್ಟ್ರಾನಿಕ್ ಸಿಟಿಯ ಹುಡುಗನ ರೇಡಿಯೊಗೆ 16 ಚಾನೆಲ್ಲು. ಅದು ವಿಮಾನ, ಡ್ರೋನುಗಳಿಗೆಂದು ಮಾಡಿದ, ಎರಡು ಕಡ್ಡಿಗಳ, ಮೈತುಂಬ ಸ್ವಿಚ್ಚುಗಳ, ಕುತ್ತಿಗೆಗೆ ನೇತುಹಾಕಿಕೊಳ್ಳುವ ಪೆಟ್ಟಿಗೆ. ಅವನ ಜೀಪಿಗೆ ಬೇಕಾದದ್ದು ನಾಲ್ಕೇ. "ಉಳಿದ ಹನ್ನೆರಡು ಏನ್ ಮಾಡ್ತೀಯಪ್ಪಾ?" ಎಂದರೆ, "ಇರ್ಲಿ ಸರ್, ಮುಂದೆ ಬೇಕಾಗ್ಬಹುದು" ಎನ್ನುತ್ತಾನೆ. ನಗುವಂತಿಲ್ಲ. 1970ರ ದಶಕದಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಆರ್.ಕೆ. ಬಾಳಿಗರು ಎಲೆಕ್ಟ್ರಾನಿಕ್ ಸಿಟಿ ಎಂಬ ಊರನ್ನು ಕಲ್ಪಿಸಿಕೊಂಡದ್ದೂ ಮುಂದೆ ಬೇಕಾಗಬಹುದು ಎಂದೇ. ಆ ನೆಲದಲ್ಲಿ ಕೂತು ಅನ್ನ ತಿನ್ನುವವನಿಗೆ ಈ ಮಾತಾಡುವ ಹಕ್ಕಿದೆ.

ಅವನ ರೇಡಿಯೊದ ನಿಜವಾದ ಬೆರಗು ಚಾನೆಲ್ಲುಗಳಲ್ಲಿ ಇಲ್ಲ. ಎಡ್ಜ್‌ಟಿಎಕ್ಸ್ ಎಂಬ ತಂತ್ರಾಂಶ ಅದರಲ್ಲಿದೆ. ಯಾರು ಬೇಕಾದರೂ ತಿದ್ದಿಕೊಳ್ಳಬಹುದಾದದ್ದು, ಅದು ಮಾತಾಡುತ್ತದೆ. ಗೇರು ಹಾಕಿದರೆ ಗೇರು ಎನ್ನುತ್ತದೆ, ಬ್ಯಾಟರಿ ಇಳಿದರೆ ಎಚ್ಚರಿಸುತ್ತದೆ. ಒಳಗಿನ ಕಾರ್ಡಿನಲ್ಲಿರುವ ಇಂಗ್ಲಿಷ್ ಧ್ವನಿಯನ್ನು ತೆಗೆದು ನಮಗೆ ಬೇಕಾದ ಧ್ವನಿಯನ್ನು ಹಾಕಿಕೊಳ್ಳಬಹುದು. ಒಂದು ಭಾನುವಾರ ಕ್ವಾರಿಯ ಮೌನದಲ್ಲಿ ಇದ್ದಕ್ಕಿದ್ದಂತೆ ಹೆಂಗಸಿನ ದನಿಯೊಂದು, "ಸಾಕು ಬಾರೋ, ಬ್ಯಾಟ್ರಿ ಮುಗೀತಾ ಬಂತು" ಎಂದು ಗದರಿತು. ನಾನು ಹಿಂತಿರುಗಿ ನೋಡಿದೆ. ನಮ್ಮಲ್ಲಿ ಮೂರನೆಯವರಾದ ಪೀಣ್ಯದ ಯಜಮಾನರಂತೂ ಅಭ್ಯಾಸಬಲದಿಂದ ಎದ್ದೇ ನಿಂತರು. ಹಿರಿಯೂರಿನಲ್ಲಿರುವ ತಾಯಿಯ ಹತ್ತಿರ ಈ ಹುಡುಗ ಹಬ್ಬಕ್ಕೆ ಹೋದಾಗ ಹೇಳಿಸಿ ತಂದಿದ್ದ. ಗೇರಿಗೆ, "ನಿಧಾನ". ಲಾಕಿಗೆ, "ಗಟ್ಟಿಯಾಗಿ ಹಿಡ್ಕೊ". ಸಿಗ್ನಲ್ಲು ಕಡಿಮೆಯಾದರೆ, "ಎಲ್ಲಿದೀಯೋ?" ಆಕೆಗೆ ಇದು ಯಾತಕ್ಕೆಂದು ಗೊತ್ತಿಲ್ಲವಂತೆ. ಮಗನ ಕಂಪನಿಗೆ ಬೇಕಾಗಿದೆ ಎಂದುಕೊಂಡು ಪ್ರತಿಯೊಂದನ್ನೂ ಎರಡೆರಡು ಸಲ ಸ್ಪಷ್ಟವಾಗಿ ಹೇಳಿಕೊಟ್ಟರಂತೆ.

ಪೀಣ್ಯದ ಯಜಮಾನರ ದಾರಿ ಬೇರೆ. ಪೀಣ್ಯ ಎರಡನೇ ಹಂತದಲ್ಲಿ ಲೇಥು, ಪವರ್ ಪ್ರೆಸ್ಸುಗಳ ನಡುವೆ ಆಯುಸ್ಸು ಕಳೆದವರು. ದೊಡ್ಡ ಕಾರ್ಖಾನೆಗಳಿಗೆ ಜಾಬ್ ವರ್ಕ್ ಮಾಡಿಕೊಟ್ಟು ಈಗ ಶೆಡ್ಡನ್ನು ಬಾಡಿಗೆಗೆ ಬಿಟ್ಟಿದ್ದಾರೆ, ಮೂಲೆಯ ಒಂದು ಲೇಥನ್ನು ಮಾತ್ರ ಬಿಟ್ಟಿಲ್ಲ. ಕ್ರಾಲರಿನ ತೂಕ ಕೆಳಗಿದ್ದಷ್ಟೂ ಅದು ಮಗುಚುವುದು ಕಡಿಮೆ. ಅದಕ್ಕಾಗಿ ಚಕ್ರದ ಬಳಿ ಹಿತ್ತಾಳೆಯ ತೂಕ ಕೂರಿಸುತ್ತಾರೆ. ಅಂಗಡಿಯಲ್ಲಿ ಅದಕ್ಕೆ ಹೇಳುವ ಬೆಲೆ ಕೇಳಿ ಯಜಮಾನರು ಅಂಗಡಿಯವನ ಮುಖವನ್ನು ಕನಿಕರದಿಂದ ನೋಡಿ ಹೊರಬಂದರು. ಮುಂದಿನ ವಾರ ನಮ್ಮಿಬ್ಬರಿಗೂ ಸೇರಿಸಿ ತಾವೇ ತಿರುಗಿಸಿ ತಂದಿದ್ದರು, ಪೇಪರಿನಲ್ಲಿ ಸುತ್ತಿ, ಎಣ್ಣೆ ಒರೆಸಿ.

ಅವರು ರೇಡಿಯೊ ಆರಿಸುವುದನ್ನು ನೋಡಬೇಕು. ಕ್ರಾಲರಿನವರು ಹೆಚ್ಚಾಗಿ ಹಿಡಿಯುವುದು ಪಿಸ್ತೂಲಿನ ಆಕಾರದ ರೇಡಿಯೊ. ಎಡಗೈಯಲ್ಲಿ ಹಿಡಿ, ತೋರುಬೆರಳು ಟ್ರಿಗರಿನ ಮೇಲೆ, ಬಲಗೈ ಪುಟ್ಟ ಚಕ್ರದ ಮೇಲೆ. ಎರಡೂ ಕೈಗೆ ಪೂರ್ತಿ ಕೆಲಸವಾಯಿತು. ಉಳಿದದ್ದು ಎಡಗೈಯ ಹೆಬ್ಬೆರಳೊಂದೇ. ಗೇರು, ಲಾಕು, ವಿಂಚು, ದೀಪ, ಎಲ್ಲ ಸಂಸಾರವನ್ನೂ ಅದೊಂದೇ ನೋಡಿಕೊಳ್ಳಬೇಕು. ಯಜಮಾನರು ಅಂಗಡಿಯಲ್ಲಿ ಡಬ್ಬಿಯ ಮೇಲಿನ ಅಂಕಿಗಳನ್ನು ಓದುವುದೇ ಇಲ್ಲ. ರೇಡಿಯೊ ಕೈಗೆ ತೆಗೆದುಕೊಂಡು ಕಣ್ಣು ಮುಚ್ಚುತ್ತಾರೆ. ಹೆಬ್ಬೆರಳು ನಿಧಾನವಾಗಿ ಗುಂಡಿಯಿಂದ ಗುಂಡಿಗೆ ಹೋಗುತ್ತದೆ. ಹಿಡಿತ ಸಡಿಲಿಸದೆ ಎಷ್ಟು ಗುಂಡಿ ಎಟುಕಿತೋ ಅಷ್ಟೇ ಅವರ ಲೆಕ್ಕಕ್ಕೆ ಚಾನೆಲ್ಲು. ಎಂಟು ಚಾನೆಲ್ಲಿನದೊಂದನ್ನು ಹೀಗೆ ಪರೀಕ್ಷಿಸಿ, "ಇದು ಮೂರರದ್ದು" ಎಂದು ವಾಪಸು ಕೊಟ್ಟರು. ಅವರ ಎಡಗೈ ತೋರುಬೆರಳಿನ ತುದಿ ಪ್ರೆಸ್ಸಿಗೆ ಹೋಗಿ ಬಹಳ ವರ್ಷವಾಯಿತು. ಟ್ರಿಗರನ್ನು ಅವರು ಎಳೆಯುವುದು ನಡುಬೆರಳಿನಲ್ಲಿ. ಆ ಬೆರಳಿನಷ್ಟು ಮೆತ್ತಗೆ ಗಾಡಿ ಏರಿಸುವವರು ನಮ್ಮಲ್ಲಿ ಇನ್ನೊಬ್ಬರಿಲ್ಲ. ಟ್ರಿಗರಿನ ಆರಂಭದ ಎಳೆತ ಎಷ್ಟು ನವುರಾಗಿದೆ ಎಂಬುದೇ ಕ್ರಾಲರಿಗೆ ಮುಖ್ಯ, ಹನ್ನೆರಡನೆಯ ಚಾನೆಲ್ಲು ಅಲ್ಲ ಎಂದು ನಾನು ಕಲಿತದ್ದು ಆ ಮೊಂಡು ಬೆರಳಿನ ಪಕ್ಕದ ಬೆರಳನ್ನು ನೋಡಿ.

ಇನ್ನು ರಿಸೀವರು. ಬರೀ ರೇಡಿಯೊ ಕೊಂಡರೆ ಅರ್ಧ ಸಂಬಂಧ ಮಾಡಿದ ಹಾಗೆ. ಗಾಡಿಯೊಳಗೆ ಕೂರುವ ಬೆಂಕಿಪೊಟ್ಟಣದಷ್ಟು ರಿಸೀವರಿನ ಜಾತಕವೂ ಕೂಡಿಬರಬೇಕು. ಫ್ಲೈಸ್ಕೈನವರದು ಎಎಫ್‌ಎಚ್‌ಡಿಎಸ್, ಫುಟಾಬದವರದು ಟಿ-ಎಫ್‌ಎಚ್‌ಎಸ್‌ಎಸ್, ಸ್ಪೆಕ್ಟ್ರಮ್‌ನವರದು ಡಿಎಸ್‌ಎಂಆರ್. ಗೋತ್ರ ಬೇರೆ, ಒಬ್ಬರ ಮಾತು ಒಬ್ಬರು ಕೇಳುವುದಿಲ್ಲ. ಒಂದೇ ಮನೆತನ ಎಂದು ಧೈರ್ಯ ಮಾಡುವಂತಿಲ್ಲ, ಎಎಫ್‌ಎಚ್‌ಡಿಎಸ್‌ನ ಹಳೆಯ ತಲೆಮಾರಿಗೂ 2ಎ ಎಂಬ ಮುಂದಿನ ತಲೆಮಾರಿಗೂ ಮಾತಿಲ್ಲ. ಕೂಡಿಬಂದರೆ ಮಾತ್ರ ಬೈಂಡ್ ಶಾಸ್ತ್ರ: ರಿಸೀವರಿನ ಕೆಂಪು ದೀಪ ಮಿಣಮಿಣ ಎನ್ನುತ್ತದೆ, ಗುಂಡಿ ಒತ್ತಿ ಹಿಡಿಯಬೇಕು, ದೀಪ ನಿಂತು ಉರಿಯಿತೆಂದರೆ ಇನ್ನು ಆ ರಿಸೀವರು ಬೇರೆ ಯಾರ ಮಾತಿಗೂ ಕಿವಿಗೊಡುವುದಿಲ್ಲ.

ನಮ್ಮ ಮಕ್ಕಳು ಚಿಕ್ಕವರಿದ್ದಾಗಿನ 27 ಮೆಗಾಹರ್ಟ್ಸಿನ ಆಟಿಕೆಗಳಿಗೆ ಇಂಥ ನಿಷ್ಠೆ ಇರಲಿಲ್ಲ. ಒಂದೇ ಫ್ರೀಕ್ವೆನ್ಸಿಯ ಎರಡು ಕಾರು ಅಕ್ಕಪಕ್ಕದ ಮನೆಗೆ ಬಂದರೆ, ಇವನು ಗುಂಡಿ ಒತ್ತಿದಾಗ ಅವನ ಕಾರು ಮಂಚದಡಿ ಹೋಗುತ್ತಿತ್ತು. ಈಗಿನವು 2.4 ಗಿಗಾಹರ್ಟ್ಸಿನಲ್ಲಿ ಒಂದು ಕಡೆ ನಿಲ್ಲದೆ ಫ್ರೀಕ್ವೆನ್ಸಿಯಿಂದ ಫ್ರೀಕ್ವೆನ್ಸಿಗೆ ಹಾರುತ್ತಿರುತ್ತವೆ. ಇಂಥ ಹಾರಾಟಕ್ಕೆ 1942ರಲ್ಲಿ ಪೇಟೆಂಟ್ ಪಡೆದವರು ಹಾಲಿವುಡ್ ನಟಿ ಹೆಡಿ ಲಮಾರ್ ಮತ್ತು ಅವರ ಸಂಗೀತಗಾರ ಸ್ನೇಹಿತ. ಪಿಯಾನೊದ ಮನೆಗಳಷ್ಟೇ, 88 ಫ್ರೀಕ್ವೆನ್ಸಿಗಳ ನಡುವೆ. ವೈಟ್‌ಫೀಲ್ಡಿನ ಗಾಳಿಯಲ್ಲಿ ಈ ಹಾರಾಟ ಬೇಕೇ ಬೇಕು. ವೈಫೈ, ಬ್ಲೂಟೂತ್, ಮೈಕ್ರೊವೇವ್ ಒಲೆ ಎಲ್ಲವೂ ಅದೇ ಓಣಿಯಲ್ಲಿ ಓಡಾಡುತ್ತವೆ. ಭಾರತ ಸರ್ಕಾರ 2005ರಲ್ಲಿ ಆ ಓಣಿಯನ್ನು ಕಡಿಮೆ ಶಕ್ತಿಯ ಉಪಕರಣಗಳಿಗೆ ಲೈಸೆನ್ಸಿಲ್ಲದೆ ಬಿಟ್ಟುಕೊಟ್ಟಿತು. ಬರೀ ವಾರ್ತೆ ಕೇಳುವುದಕ್ಕೂ ಅಂಚೆ ಕಚೇರಿಯಲ್ಲಿ ವರ್ಷಾವರ್ಷ ರೇಡಿಯೊ ಲೈಸೆನ್ಸು ಕಟ್ಟುತ್ತಿದ್ದ ನನ್ನ ತಂದೆ ಇದನ್ನು ನಂಬುತ್ತಿರಲಿಲ್ಲ. ಎಲ್ಲಿ, ಪುಸ್ತಕ ತೋರಿಸು ಎನ್ನುತ್ತಿದ್ದರು.

ಮನೆಯಲ್ಲಿ ಟ್ರಾನ್ಸ್‌ಮಿಟರ್ ಇಟ್ಟುಕೊಳ್ಳುವುದು ನಮ್ಮ ಸೀಮೆಗೆ ಹೊಸದಲ್ಲ ಎಂದು ಹೆಂಡತಿಗೆ ಹೇಳಿದ್ದುಂಟು. ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಸ್ವಂತ ಟ್ರಾನ್ಸ್‌ಮಿಟರಿನಿಂದ ಆಕಾಶವಾಣಿ ನಡೆಸಿದ್ದರು. "ಅವರಿಗೆ ಊರಿಗೆ ಹೇಳೋಕೆ ಏನಾದ್ರೂ ಇತ್ತು ರೀ" ಎಂದಳು.

ರಿಸೀವರಿಗೆ ಇನ್ನೊಂದು ಕಾಯಿಲೆಯುಂಟು. ಚಕ್ರ ಕಲ್ಲಿನ ಸಂದಿಗೆ ಸಿಕ್ಕಿಕೊಂಡಾಗ ಸ್ಟೀರಿಂಗಿನ ಸರ್ವೊ ಮೋಟರು ಒದ್ದಾಡಿ ಒಮ್ಮೆಗೇ ಕರೆಂಟು ಎಳೆದುಕೊಳ್ಳುತ್ತದೆ, ವೋಲ್ಟೇಜು ಕುಸಿಯುತ್ತದೆ, ರಿಸೀವರು ಒಂದು ಕ್ಷಣ ಮೂರ್ಛೆ ಹೋಗಿ ಎದ್ದು ಕೂರುತ್ತದೆ. ಇದು ನಡೆದಾಗ ಎಲೆಕ್ಟ್ರಾನಿಕ್ ಸಿಟಿಯ ಹುಡುಗ ಹೊಸ ತಂತ್ರಾಂಶ ಹಾಕಬೇಕೆಂದ, ನಾನು ಆಂಟೆನಾ ಬದಲಿಸಬೇಕೆಂದೆ. ಯಜಮಾನರು ಗಾಡಿಯನ್ನು ಕಿವಿಯ ಹತ್ತಿರ ಹಿಡಿದು ಸರ್ವೊದ ಗೊಣಗು ಕೇಳಿ, "ಏನೂ ಕೆಟ್ಟಿಲ್ಲ ಸ್ವಾಮಿ, ಕರೆಂಟು ಸಾಲ್ತಾ ಇಲ್ಲ" ಎಂದರು. ಬ್ಯಾಟರಿಯ ವೋಲ್ಟೇಜನ್ನು ಹದಕ್ಕಿಳಿಸಿ ಕೊಡುವ ಬಿಇಸಿ ಎಂಬ ಪುಟ್ಟ ಸಾಧನವನ್ನು ಸರ್ವೊಗೆಂದೇ ಬೇರೆ ಹಾಕಿ, ಬ್ಯಾಟರಿಯಿಂದ ನೇರವಾಗಿ ತಂತಿ ಎಳೆದ ಮೇಲೆ ಸರಿಹೋಯಿತು. ಪೀಣ್ಯದಲ್ಲಿ ಬದುಕಿದವರಿಗೆ ವೋಲ್ಟೇಜಿನ ವಿಷಯದಲ್ಲಿ ಮೋಸ ಮಾಡಲಾಗುವುದಿಲ್ಲ.

ಯಜಮಾನರು ಮೆಟ್ರೊದಲ್ಲಿ ಬರುತ್ತಾರೆ. ಪೀಣ್ಯದಿಂದ ಮೆಜೆಸ್ಟಿಕ್, ಅಲ್ಲಿ ಇಳಿದು ನೇರಳೆ ಮಾರ್ಗ ಹತ್ತಿ ಕಾಡುಗೋಡಿ; ಅಲ್ಲಿಂದ ನನ್ನ ಕಾರು. ನಿಲ್ದಾಣದ ತಪಾಸಣೆಯ ಯಂತ್ರದಲ್ಲಿ ಅವರ ಚೀಲ ಹೋದಾಗ ಪರದೆಯ ಮೇಲೆ ಬ್ಯಾಟರಿ, ತಂತಿಗಳು, ಆಂಟೆನಾ, ಪಿಸ್ತೂಲಿನ ಆಕಾರ ಎಲ್ಲ ಒಟ್ಟಿಗೆ ಮೂಡಿದವು. ಕಾವಲಿನ ಹುಡುಗ ಗಂಭೀರನಾಗಿ, "ಏನಿದು ತಾತಾ?" ಎಂದು ಕೇಳಿದ. "ಜೀಪು" ಎಂದರು. ತೆಗೆಸಿದ. ನೆಲದ ಮೇಲಿಟ್ಟು ಓಡಿಸಿ ತೋರಿಸಿ ಎಂದ. ಗಾಡಿ ಅವನ ಬೂಟಿನವರೆಗೆ ತೆವಳಿ, ಬೂಟಿನ ಮೇಲೆ ಒಂದು ಚಕ್ರ ಇಟ್ಟು ನಿಂತಿತು. ಸಾಲಿನಲ್ಲಿದ್ದವರು ನಕ್ಕರು. ಈಗ ಆ ಹುಡುಗ ಇವರನ್ನು ದೂರದಿಂದಲೇ ಗುರುತಿಸಿ, "ಇವತ್ತು ಲೈಟ್ ಹತ್ತುತ್ತಾ ತಾತಾ?" ಎಂದು ಕೇಳಿಯೇ ಬಿಡುತ್ತಾನೆ.

ದೀಪದ ವಿಷಯಕ್ಕೆ ಬಂದೆ. ಈ ಜೀಪನ್ನು ತಂದವನು ಅವರ ಮಗ, ಸಿಯಾಟಲ್‌ನಿಂದ, ರಜೆಗೆ ಬಂದಾಗ ಮೊಮ್ಮಗ ಆಡಲಿ ಎಂದು. ರಜೆ ಮುಗಿಯಿತು, ಪೆಟ್ಟಿಗೆಯಲ್ಲಿ ಜಾಗ ಸಾಲದೆ ಜೀಪು ಪೀಣ್ಯದಲ್ಲೇ ಉಳಿಯಿತು. ಅದರ ಜೊತೆಗಿದ್ದದ್ದು ಎರಡು ಚಾನೆಲ್ಲಿನ ರೇಡಿಯೊ. ಯಜಮಾನರು ಮೂರು ಚಾನೆಲ್ಲಿನದು ಕೊಳ್ಳಬೇಕೆಂದಾಗ, ಗೇರೂ ಇಲ್ಲದ ಲಾಕೂ ಇಲ್ಲದ ಗಾಡಿಗೆ ಮೂರನೆಯದು ಏಕೆಂದು ಕೇಳಿದೆ. "ಲೈಟಿಗೆ." ಲೈಟಿಗಾದರೆ ಗಾಡಿಯ ಅಡಿಯಲ್ಲೇ ಒಂದು ಸಣ್ಣ ಸ್ವಿಚ್ಚು ಕೂರಿಸಿದರೆ ಆಯಿತು, ಎಸ್‌ಪಿ ರಸ್ತೆಯಲ್ಲಿ ಪುಡಿಗಾಸಿಗೆ ಸಿಗುತ್ತದೆ ಎಂದೆ. "ಕೈಲೇ ಇರ್ಬೇಕು ಸ್ವಾಮಿ. ಅವನು ಹೇಳಿದ ತಕ್ಷಣ ಹತ್ಬೇಕು" ಎಂದರು.

ಭಾನುವಾರ ಬೆಳಿಗ್ಗೆ ನಮಗೆ ಒಂಬತ್ತಾದರೆ ಅಲ್ಲಿ ಕಾಲಕ್ಕೆ ತಕ್ಕಂತೆ ಶನಿವಾರ ರಾತ್ರಿ ಏಳೂವರೆಯೋ ಎಂಟೂವರೆಯೋ, ಮಗು ಮಲಗುವ ಹೊತ್ತು. ವಿಡಿಯೊ ಕಾಲ್ ಬರುತ್ತದೆ. "ತಾತ, ಲೈಟ್ ಹಾಕು" ಎನ್ನುತ್ತದೆ ಪರದೆ. ಬಿಸಿಲಲ್ಲಿ ಎಲ್‌ಇಡಿ ಎಲ್ಲಿ ಕಾಣಬೇಕು? ಹಾಗಾಗಿ ನಾನು ಯಜಮಾನರ ಕರಿಯ ಕೊಡೆಯನ್ನು ಬಿಚ್ಚಿ, ಬಂಡೆಯ ಮೇಲಿನ ಜೀಪಿಗೆ ಬಗ್ಗಿ ಹಿಡಿಯುತ್ತೇನೆ. ಹುಡುಗ ಫೋನು ಹಿಡಿಯುತ್ತಾನೆ. ಯಜಮಾನರು ಹೆಬ್ಬೆರಳು ಒತ್ತುತ್ತಾರೆ. ಟೆಸ್ಲಾ 1898ರಲ್ಲಿ ನ್ಯೂಯಾರ್ಕಿನಲ್ಲಿ ರೇಡಿಯೊದಿಂದ ಪುಟ್ಟ ದೋಣಿ ನಡೆಸಿ ತೋರಿಸಿದಾಗ, ಅದರ ದೀಪ ಮಿನುಗಿಸಿ ಜನರ ಪ್ರಶ್ನೆಗಳಿಗೆ ಉತ್ತರ ಹೇಳಿಸಿದ್ದರಂತೆ. ಅವರಿಗೆ ಕೊಡೆ ಹಿಡಿದವರು ಯಾರೋ ತಿಳಿಯದು.

ಮೊಮ್ಮಗನಿಗೆ ಈಗ ಹನ್ನೊಂದು. ಫುಟ್‌ಬಾಲ್ ಇದೆ, ಸ್ನೇಹಿತರ ಮನೆ ಇದೆ. ಕೆಲವು ಭಾನುವಾರ ಕಾಲ್ ಬರುವುದಿಲ್ಲ. ಬಾರದ ದಿನವೂ ಒಂಬತ್ತು ಗಂಟೆಗೆ ದೀಪ ಒಮ್ಮೆ ಹತ್ತಿ ಆರುತ್ತದೆ. "ಕನೆಕ್ಷನ್ ಸರಿಯಾಗಿದ್ಯಾ ಅಂತ ನೋಡ್ದೆ" ಎನ್ನುತ್ತಾರೆ. ಅವರ ಆ ಮೂರು ಚಾನೆಲ್ಲಿನ ರೇಡಿಯೊದಲ್ಲಿ ಗಾಡಿಗೆ ಹೆಸರಿಡಲು ಮೂರೇ ಇಂಗ್ಲಿಷ್ ಅಕ್ಷರಕ್ಕೆ ಜಾಗ. ಪುಟ್ಟ ಎಂಬುದು ಹಿಡಿಯದೆ ಪಿ, ಯು, ಟಿ ಎಂದಿಟ್ಟಿದ್ದರು. ಹೋದ ವರ್ಷ ನಾಲ್ಕು ಚಾನೆಲ್ಲಿನದು ಕೊಂಡರು. ಅದರಲ್ಲಿ ಹೆಸರಿಗೆ ಬೇಕಾದಷ್ಟು ಜಾಗವಿದೆ. ಅಲ್ಲೂ 'ಪುಟ್' ಎಂದೇ ಇದೆ.

ಕೊಳ್ಳುವವರಿಗೆ ನನ್ನ ತೀರ್ಪು ಹೇಳಿಬಿಡುತ್ತೇನೆ. ನಾಲ್ಕು ಚಾನೆಲ್ಲು ಸಾಕು. ಎರಡೂ ಲಾಕನ್ನು ಬೇರೆ ಬೇರೆ ನಡೆಸುವ ಹಟವಿದ್ದರೆ ಮಾತ್ರ ಆರು. ಡಬ್ಬಿಯ ಮೇಲೆ ಬರೆದ ನೂರಾರು ಮೀಟರಿನ ದೂರವನ್ನು ನೋಡಲೇಬೇಡಿ. ಕ್ರಾಲರಿನವರು ಗಾಡಿಯ ಹಿಂದೆಯೇ ನಡೆಯುವ ಜನ. ಪ್ರತಿ ಚಾನೆಲ್ಲಿನ ಸರ್ವೊ ಎಲ್ಲಿಯವರೆಗೆ ತಿರುಗಬೇಕೆಂದು ಮಿತಿ ಹಾಕುವ ಸೌಕರ್ಯ ಇರಲೇಬೇಕು, ಇಲ್ಲದಿದ್ದರೆ ಗೇರಿನ ಸರ್ವೊ ತಳ್ಳಿ ತಳ್ಳಿ ಸುಟ್ಟುಹೋಗುತ್ತದೆ. ವಿಂಚಿಗೆ ಮೂರು ಸ್ಥಾನದ ಸ್ವಿಚ್ಚು ಬೇಕು: ಸುತ್ತು, ನಿಲ್ಲು, ಬಿಚ್ಚು. ರಿಸೀವರನ್ನು ಎರಡು ಕೊಳ್ಳಿ, ಅದೇ ಮಾಡೆಲ್ಲು ಮುಂದೆ ಸಿಗುವ ಖಾತ್ರಿಯಿಲ್ಲ. ಮನೆಗೆ ತಂದ ದಿನವೇ, ಚಕ್ರ ನೆಲಕ್ಕೆ ತಾಗದಂತೆ ಎತ್ತಿಟ್ಟು, ಫೇಲ್‌ಸೇಫ್ ಹಾಕಿ ಪರೀಕ್ಷಿಸಿ: ರೇಡಿಯೊ ಆಫ್ ಮಾಡಿದರೆ ಥ್ರಾಟಲ್ಲು ನ್ಯೂಟ್ರಲ್ಲಿಗೆ ಬರಬೇಕು. ಟ್ರಿಗರ್ ಬಿಟ್ಟೊಡನೆ ತಾನೇ ಹಿಡಿಯುವ ಡ್ರ್ಯಾಗ್ ಬ್ರೇಕ್ ಪೂರ್ತಿ ಇದ್ದರೆ ಸಿಗ್ನಲ್ಲು ಹೋದರೂ ಗಾಡಿ ಇಳಿಜಾರಿನಲ್ಲಿ ಇದ್ದಲ್ಲೇ ನಿಲ್ಲುತ್ತದೆ.

ಕೈಗೆ ಕೊಟ್ಟು ಹಿಡಿದು ನೋಡಲು ಬಿಡದ ಅಂಗಡಿಯಲ್ಲಿ ಮಾತ್ರ ಕೊಳ್ಳಬೇಡಿ. ಅದಕ್ಕಿಂತ ಭಾನುವಾರ ನಮ್ಮ ಕ್ವಾರಿಗೆ ಬನ್ನಿ, ಮೂರು ಥರದ ರೇಡಿಯೊ ಇವೆ, ಯಾವುದನ್ನು ಬೇಕಾದರೂ ಹಿಡಿದು ನೋಡಬಹುದು. ಯಜಮಾನರದ್ದನ್ನು ಒಂಬತ್ತರಿಂದ ಒಂಬತ್ತೂಕಾಲಿನವರೆಗೆ ಕೇಳಬೇಡಿ.